ಬಸುರಿಗೆ ಬಟ್ಟೆ: ಮನೆಯ ಟ್ರಂಕಿನಿಂದಲೇ

ನಮ್ಮ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆ ಚೊಚ್ಚಲ ಬಸುರಿಗೆ ಐದರಲ್ಲೋ ಏಳರಲ್ಲೋ ಮಾಡುವ ಕಾರ್ಯಕ್ಕೆ ಕುಬಸ ಎನ್ನುತ್ತೇವೆ. ನಮ್ಮ ಮರಾಠಿ ನೆರೆಯವರು ಇದನ್ನೇ ಡೊಹಾಳೆ ಜೇವಣ ಎನ್ನುತ್ತಾರೆ, ಅಂದರೆ ಬಯಕೆಯ ಊಟ. ಅವರು ಊಟದ ಹೆಸರು ಇಟ್ಟರು, ನಾವು ಬಟ್ಟೆಯ ಹೆಸರು ಇಟ್ಟೆವು. ಕುಬಸ ಎಂದರೆ ಕುಪ್ಪಸವೇ. ತವರಿನವರು ಹಸಿರು ಸೀರೆ, ಹಸಿರು ಬಳೆ, ಗುಳೇದಗುಡ್ಡದ ಖಣ ತಂದು, ಮಗಳನ್ನು ಮಣೆಯ ಮೇಲೆ ಕೂರಿಸಿ ಉಡಿ ತುಂಬುತ್ತಾರೆ. ಮೈ ಬೆಳೆಯುವ ಹೊತ್ತಿನಲ್ಲಿ ಹೆಣ್ಣಿಗೆ ಹೊಸ ಕುಪ್ಪಸ ಬೇಕಾಗುತ್ತದೆ ಎಂಬ ಸಣ್ಣ ವಿಷಯ ಹಿಂದಿನವರಿಗೆ ತಿಳಿದಿತ್ತು ಎಂದು ನನಗೆ ತೋರುತ್ತದೆ. ನಾವು ಖಣ ಕೊಡುವುದನ್ನು ಬಿಟ್ಟಿಲ್ಲ, ಆದರೆ ಅದನ್ನು ಯಾವ ಅಳತೆಗೆ ಹೊಲಿಯಬೇಕೆಂಬುದನ್ನು ಮರೆತಿದ್ದೇವೆ.

ಕೆಲವು ವರ್ಷಗಳ ಹಿಂದೆ ನಮ್ಮ ಬಳಗದಲ್ಲೇ ಒಂದು ಕುಬಸಕ್ಕೆ ಹೋಗಿದ್ದೆ. ಹುಡುಗಿಗೆ ಏಳು ತುಂಬಿತ್ತು. ತವರಿನವರು ಪ್ರೀತಿಯಿಂದ ರೇಷ್ಮೆ ಜಂಪರು ಹೊಲಿಸಿ ತಂದಿದ್ದರು. ಸಿಂಪಿಗನಿಗೆ ಅಳತೆಗೆಂದು ಕೊಟ್ಟದ್ದು ಮದುವೆಯ ಹಳೆಯ ಜಂಪರು! ಒಳಗಿನ ಕೋಣೆಯಲ್ಲಿ ಇಬ್ಬರು ಸೇರಿ ಎಳೆದರೂ ಹುಕ್ಕು ಕೂಡಲಿಲ್ಲ. ಹೊರಗೆ ಮಣೆ ಹಾಕಿ, ಆರತಿ ಸಿದ್ಧ ಮಾಡಿ ಮಂದಿ ಕಾಯುತ್ತಿದ್ದರು. ಹುಡುಗಿ ಅಳಲು ಸುರು ಮಾಡಿದಳು. ಆಗ ಆ ಮನೆಯ ಮುದುಕಿ ಒಳಗೆ ಬಂದು, "ಯಾಕವ್ವಾ ಕಣ್ಣಾಗ ನೀರು? ಹೊಟ್ಟಿ ಬೆಳದೈತಿ, ಅದು ಚಲೋ ಸುದ್ದಿ. ಅರಬಿ ಸಣ್ಣಾದ್ರ ಅರಬಿ ಬಿಚ್ಚೋಣು" ಎಂದು ಬ್ಲೇಡು ತೆಗೆದುಕೊಂಡು ಕುಳಿತೇಬಿಟ್ಟರು. ಅರ್ಧ ತಾಸಿನಲ್ಲಿ ಜಂಪರು ಮೈಗೆ ಕೂತಿತು. ಆರತಿ ಸ್ವಲ್ಪ ತಡವಾಯಿತು, ಅಷ್ಟೆ.

ಆ ಮುದುಕಿ ಮಾಡಿದ್ದನ್ನೇ ಇವತ್ತು ನಿಮಗೆ ಬಿಡಿಸಿ ಹೇಳಬೇಕೆಂದಿದ್ದೇನೆ. ಪೇಟೆಯಲ್ಲಿ ಈಗ ಬಸುರಿಯರಿಗೆಂದೇ ಗೌನು, ಪ್ಯಾಂಟು, ಕುರ್ತಾ ಸಿಗುತ್ತವೆ. ಕೊಳ್ಳುವ ಶಕ್ತಿ ಇದ್ದವರು ಕೊಳ್ಳಲಿ. ಆದರೆ ನಾಲ್ಕೈದು ತಿಂಗಳು ಉಡುವ ಬಟ್ಟೆಗೆ, ಸೋನೋಗ್ರಫಿಗೂ ಸೊಲ್ಲಾಪುರದ ಓಡಾಟಕ್ಕೂ ಇಟ್ಟ ಹಣವನ್ನು ತೆಗೆಯುವುದು ಬೇಡ. ಬ್ಯಾಂಕಿನಲ್ಲಿ ಕ್ಲರ್ಕಳಾಗಿ ಖಾತೆಗಳ ಜಮೆ ಖರ್ಚು ಬರೆದವಳು ನಾನು, ಹೀಗಾಗಿ ಇನ್ನೊಂದು ಮಾತನ್ನೂ ಹೇಳಿಬಿಡುತ್ತೇನೆ. 2017ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮಾತೃ ವಂದನಾ ಯೋಜನೆಯಲ್ಲಿ, ನಿಯಮಕ್ಕೆ ಹೊಂದುವ ತಾಯಿಗೆ ಮೊದಲ ಮಗುವಿನ ಹೊತ್ತಿಗೆ 5000 ರೂಪಾಯಿ ಕಂತುಗಳಲ್ಲಿ ಬರುತ್ತದೆ. ಅದು ತಾಯಿಯ ಊಟಕ್ಕೆ, ವಿಶ್ರಾಂತಿಗೆ ಕೊಟ್ಟ ಹಣ. ಖಾತೆ ಆಕೆಯ ಹೆಸರಿನಲ್ಲೇ ಇರಬೇಕು, ಆಧಾರ್ ಜೋಡಿಸಿರಬೇಕು. ಅರ್ಜಿಯ ವಿಷಯ ಅಂಗನವಾಡಿ ತಾಯಿಯನ್ನು ಕೇಳಿ. ಆ ಹಣ ಹಾಲು, ಮೊಟ್ಟೆ, ಶೇಂಗಾಕ್ಕೆ ಹೋಗಲಿ. ಬಟ್ಟೆ ಟ್ರಂಕಿನಲ್ಲೇ ಇದೆ.

ಕಾಗದ ಪೆನ್ಸಿಲ್ ಹತ್ತಿರ ಇಟ್ಟುಕೊಳ್ಳಿ, ಕೆಲವು ಅಳತೆ ಹೇಳುತ್ತೇನೆ.

ಮೊದಲು ಜಂಪರು. ಬಸುರಿನಲ್ಲಿ ಹೊಟ್ಟೆ ಮಾತ್ರ ಬೆಳೆಯುತ್ತದೆ ಎಂದುಕೊಳ್ಳುತ್ತೇವೆ. ಹಾಗಲ್ಲ, ಹೊಟ್ಟೆ ಕಾಣುವ ಮೊದಲೇ, ಮೊದಲ ಮೂರು ತಿಂಗಳಲ್ಲೇ ಎದೆ ತುಂಬಿಕೊಳ್ಳುತ್ತದೆ. ಮುಂದೆ ಪಕ್ಕೆಯ ಗೂಡೂ ಅಗಲವಾಗುತ್ತದೆ. ಹೆರಿಗೆಯಾಗಿ ಹಾಲು ಇಳಿದಾಗ ಮತ್ತೊಮ್ಮೆ ಬಿಗಿಯಾಗುತ್ತದೆ. ಎಲ್ಲಕ್ಕಿಂತ ಮೊದಲು ಸಣ್ಣದಾಗುವುದು ಜಂಪರು. ಅದನ್ನು ಹಾಗೆಯೇ ಎಳೆದು ತೊಟ್ಟರೆ ಉಸಿರು ಕಟ್ಟಿದಂತಾಗುತ್ತದೆ, ಕಂಕುಳಲ್ಲಿ ಬೆವರುಸಾಲೆ ಏಳುತ್ತದೆ.

ಜಂಪರನ್ನು ತಿರುವಿ ಹಾಕಿ, ಪಕ್ಕದ ಹೊಲಿಗೆಯ ಒಳಗೆ ಎಷ್ಟು ಬಟ್ಟೆ ಬಿಟ್ಟಿದ್ದಾರೆ ನೋಡಿ. ಅದಕ್ಕೆ ಸಿಂಪಿಗರು ಮಾರ್ಜಿನ್ ಎನ್ನುತ್ತಾರೆ. ಸಾಮಾನ್ಯವಾಗಿ ಎರಡು ಮೂರು ಸಾಲು ಹೊಲಿಗೆ ಇರುತ್ತದೆ, ಒಳಗಿನ ಸಾಲೇ ಬಿಗಿ. ಅದನ್ನು ಬಿಚ್ಚಿದರೆ ಹೊರಗಿನ ಸಾಲು ಹಿಡಿದುಕೊಳ್ಳುತ್ತದೆ. ಇಲ್ಲಿ ಒಂದು ಲೆಕ್ಕ ಕೇಳಿ. ಪ್ರತಿ ಪಕ್ಕದ ಹೊಲಿಗೆಯನ್ನು ಅರ್ಧ ಇಂಚು ಹೊರಗೆ ಸರಿಸಿದರೆ ಎಷ್ಟು ಸಡಿಲವಾಯಿತು? ಅರ್ಧ ಇಂಚು ಎನ್ನುವವರೇ ಹೆಚ್ಚು. ಪ್ರತಿ ಹೊಲಿಗೆಯಲ್ಲಿ ಎರಡು ಪದರು, ಮುಂದಿನದು, ಹಿಂದಿನದು. ಹೊಲಿಗೆಗಳು ಎರಡು. ನಾಲ್ಕು ಅರ್ಧ ಸೇರಿ ಎರಡು ಇಂಚು. ಐದನೆಯ ತಿಂಗಳವರೆಗೆ ಬಹಳ ಮಂದಿಗೆ ಅಷ್ಟು ಸಾಕು.

ಮಾರ್ಜಿನ್ ಮುಗಿದ ಮೇಲೆ ಆ ಮುದುಕಿ ಮಾಡಿದ ಕೆಲಸ ಮಾಡಬೇಕು. ಜಂಪರಿನ ಕೆಳ ಅಂಚಿನಿಂದ ಕಂಕುಳಿನವರೆಗೆ, ಅಲ್ಲಿಂದ ತೋಳಿನ ಬಾಯಿಯವರೆಗೆ ಹೊಲಿಗೆ ಒಂದೇ ಓಟದಲ್ಲಿ ಹೋಗಿರುತ್ತದೆ. ಅದನ್ನು ಪೂರ್ತಿ ಬಿಚ್ಚಿ. ಆ ಉದ್ದದ, ಮೂರು ಇಂಚು ಅಗಲದ ಒಂದು ಪಟ್ಟಿ ಕತ್ತರಿಸಿ ನಡುವೆ ಕೂಡಿಸಿ. ಎರಡೂ ಬದಿಗೆ ಅರ್ಧರ್ಧ ಇಂಚು ಹೊಲಿಗೆಗೆ ಹೋದರೆ ಎರಡು ಇಂಚು ಉಳಿಯುತ್ತದೆ. ಎರಡು ಪಕ್ಕಕ್ಕೆ ನಾಲ್ಕು ಇಂಚು. ಪಟ್ಟಿಗೆ ಬಣ್ಣ ಕೂಡುವ ಬಟ್ಟೆ ಎಲ್ಲಿಂದ ತರುವುದು? ಸೀರೆಯ ಒಳಸೆರಗಿನಿಂದ, ಸೊಂಟಕ್ಕೆ ಸಿಕ್ಕಿಸುವ ತುದಿಯಿಂದ ಒಂದು ಗೇಣು ತೆಗೆದರೆ ಯಾರಿಗೂ ಗೊತ್ತಾಗುವುದಿಲ್ಲ. ಬಣ್ಣ ಕೂಡದಿದ್ದರೂ ಚಿಂತೆ ಬೇಡ, ತೋಳು ಇಳಿಬಿಟ್ಟರೆ ಅದು ಕಾಣುವುದೇ ಇಲ್ಲ. ಆದರೆ ಪಟ್ಟಿ ಹತ್ತಿಯದಾಗಿರಲಿ. ರೇಷ್ಮೆ ಜಂಪರಿಗೂ ಕಂಕುಳಲ್ಲಿ ಹತ್ತಿಯ ಪಟ್ಟಿಯೇ ಹಿತ, ಬೆವರು ಹೀರುತ್ತದೆ.

ಮುಂದೆ ಹುಕ್ಕು ಇರುವ ಜಂಪರಾದರೆ ಇನ್ನೊಂದು ಸುಲಭ ಉಪಾಯವಿದೆ. ಹುಕ್ಕಿನ ಕಣ್ಣು ಇರುವ ಬದಿಗೆ ಒಂದು ಇಂಚು ಹೊರಚಾಚುವಂತೆ ಇನ್ನೊಂದು ಪಟ್ಟಿ ಸೇರಿಸಿ, ಅದರ ಮೇಲೆ ದಾರದಿಂದ ಎರಡನೆಯ ಸಾಲು ಕಣ್ಣು ಮಾಡಿ. ಈ ತಿಂಗಳು ಒಳಗಿನ ಸಾಲಿಗೆ, ಮುಂದಿನ ತಿಂಗಳು ಹೊರಗಿನ ಸಾಲಿಗೆ ಹಾಕಿಕೊಳ್ಳಬಹುದು. ಹಿಂದೆ ಹುಕ್ಕು ಇಡುವ ಜಂಪರು ನೋಡಲು ಚಂದ. ಬಾಣಂತಿಗೆ ಮಾತ್ರ ಅದು ಶತ್ರು. ಕುಬಸಕ್ಕೆ ಖಣ ಹೊಲಿಸುವಾಗ ಹುಕ್ಕು ಮುಂದೆಯೇ ಇರಲಿ, ಅಳತೆ ಆ ವಾರದ್ದಾಗಿರಲಿ, ಒಳಗೆ ಎರಡು ಇಂಚು ಮಾರ್ಜಿನ್ ಬಿಡು ಎಂದು ಸಿಂಪಿಗನಿಗೆ ಬಾಯಿಬಿಟ್ಟು ಹೇಳಿ. ಹೇಳದಿದ್ದರೆ ಅವನು ಕತ್ತರಿಸಿ ಒಗೆಯುತ್ತಾನೆ. ನಮ್ಮ ಅಜ್ಜಿಯರು ಮುಂದೆ ಗಂಟು ಹಾಕುವ ಕುಪ್ಪಸ ತೊಡುತ್ತಿದ್ದರು. ಮೈ ಬೆಳೆದಂತೆ ಗಂಟು ಸಡಿಲ ಮಾಡಿದರಾಯಿತು. ಅದಕ್ಕೆ ಬ್ಲೇಡೂ ಬೇಡ, ಪಟ್ಟಿಯೂ ಬೇಡ. ಹುಕ್ಕು ಬಂದ ಮೇಲೆ ನಮಗೆ ಈ ಪಾಡು.

ಇನ್ನು ಪರಕರ. ಕನ್ನಡ ಮರಾಠಿ ಎರಡರಲ್ಲೂ ಹೆಸರು ಒಂದೇ, ತೊಂದರೆಯೂ ಒಂದೇ, ಲಾಡಿ. ನಾನು ಬಸುರಿಯಿದ್ದಾಗ ದಿನವೆಲ್ಲ ಕೌಂಟರಿನ ಎತ್ತರದ ಸ್ಟೂಲಿನ ಮೇಲೆ ಕೂತು ಕೆಲಸ ಮಾಡುತ್ತಿದ್ದೆ. ಸೀರೆ ಜಾರಬಾರದೆಂದು ಲಾಡಿ ಬಿಗಿದು ಕಟ್ಟುತ್ತಿದ್ದೆ. ಸಂಜೆ ಬಿಚ್ಚಿದರೆ ಸೊಂಟದ ಸುತ್ತ ಹಗ್ಗ ಒತ್ತಿದ ಗೆರೆ. ಕೆರೆದು ಕೆರೆದು ಕಪ್ಪಾಯಿತು, ಹೆರಿಗೆಯಾದ ಮೇಲೂ ಬಹಳ ದಿನ ಉಳಿಯಿತು. ಹೆಣ್ಣಾದ ಮೇಲೆ ಇದು ಇದ್ದದ್ದೇ ಎಂದುಕೊಂಡಿದ್ದೆ. 2024ರಲ್ಲಿ ನಮ್ಮ ಮಹಾರಾಷ್ಟ್ರದ ವರ್ಧಾದ ಮತ್ತು ಬಿಹಾರದ ವೈದ್ಯರು ಸೇರಿ ಇಬ್ಬರು ವಯಸ್ಸಾದ ಹೆಂಗಸರ ವಿಷಯ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬರೆದರು. ದಶಕಗಳ ಕಾಲ ಸೊಂಟದ ಒಂದೇ ಜಾಗದಲ್ಲಿ ಬಿಗಿದು, ಅಲ್ಲಿ ಮಾಯದ ಹುಣ್ಣಾಗಿ, ಹುಣ್ಣು ಚರ್ಮದ ಕ್ಯಾನ್ಸರಿಗೆ ತಿರುಗಿತ್ತು. ಒಬ್ಬರು ಪರಕರದ ಲಾಡಿ ಬಿಗಿಯುತ್ತಿದ್ದವರು. ಇನ್ನೊಬ್ಬರು ಪರಕರವಿಲ್ಲದೆ ಲುಗಡೆ ಬಿಗಿದು ಉಡುತ್ತಿದ್ದವರು. ಹೆದರಬೇಡಿ, ಅದು ಬಹಳ ಅಪರೂಪ, ಅದಕ್ಕೆ ಹಲವು ವರ್ಷ ಬೇಕು. ಆದರೆ ತಪ್ಪು ದಾರದ್ದಲ್ಲ, ಒಂದೇ ಜಾಗದ ಬಿಗಿತದ್ದು ಎಂಬುದು ಅದರಿಂದ ತಿಳಿಯುತ್ತದೆ. ಹೊಟ್ಟೆ ಬೆಳೆಯುವಾಗ ಚರ್ಮ ಮೊದಲೇ ಹಿಗ್ಗಿರುತ್ತದೆ, ತುರಿಕೆ ಇರುತ್ತದೆ. ಅದರ ಮೇಲೆ ತೆಳು ಲಾಡಿ ಯಾಕೆ?

ಪರಕರದ ಮೇಲಿನ, ಲಾಡಿ ಹಾಯುವ ಸಣ್ಣ ಮಡಿಕೆಗೆ ನೇಫಾ ಎನ್ನುತ್ತಾರಲ್ಲ, ಅದನ್ನು ಬಿಚ್ಚಿ ತೆಗೆಯಿರಿ. ಹಳೆಯ ಹತ್ತಿ ಸೀರೆಯಿಂದ ಆರು ಇಂಚು ಅಗಲದ ಪಟ್ಟಿ ಹರಿದು, ಎರಡು ಮಡಿಕೆ ಮಾಡಿ, ಹೊಲಿಗೆ ಕಳೆದು ಎರಡೂವರೆ ಇಂಚಿನ ಸೊಂಟಪಟ್ಟಿ ಕೂಡಿಸಿ. ಕಟ್ಟಲು ದಾರದ ಬದಲು ಅದೇ ಬಟ್ಟೆಯ ಎರಡು ಇಂಚು ಅಗಲದ ಪಟ್ಟಿಗಳನ್ನು ಎರಡು ತುದಿಗೆ ಹೊಲಿಯಿರಿ. ಭಾರ ಅಗಲಕ್ಕೆ ಹಂಚಿಹೋಗುತ್ತದೆ, ಗೆರೆ ಬೀಳುವುದಿಲ್ಲ. ಎಂಟರಲ್ಲಿ ಪರಕರದ ಸೀಳು ಬಾಯಿ ಬಿಡುತ್ತದೆ. ಆಗ ಸೀಳಿನ ಹಿಂದೆ ನಾಲಿಗೆಯ ಹಾಗೆ ಒಂದು ಅಗಲವಾದ ತುಂಡು ಕೂಡಿಸಿದರೆ ಮರ್ಯಾದೆಯೂ ಉಳಿಯಿತು, ಸೊಂಟಕ್ಕೆ ಜಾಗವೂ ಆಯಿತು. ಪಟ್ಟಿಯನ್ನು ಹೊಟ್ಟೆಯ ಉಬ್ಬಿನ ಕೆಳಗೆ ಕಟ್ಟಿ, ಗಂಟು ಪಕ್ಕಕ್ಕೆ ಬರಲಿ. ದಿನಾ ಒಂದೇ ಜಾಗಕ್ಕೆ ಕಟ್ಟಬೇಡಿ, ಇವತ್ತು ಸ್ವಲ್ಪ ಮೇಲೆ, ನಾಳೆ ಸ್ವಲ್ಪ ಕೆಳಗೆ. ಸೀರೆಯ ನೆರಿಗೆ ಕಡಿಮೆ ಹಿಡಿಯಿರಿ. ಅಂಚು ನೆಲದಿಂದ ಎರಡು ಇಂಚು ಮೇಲಿರಲಿ, ಯಾಕೆಂದರೆ ತುಂಬು ಬಸುರಿಗೆ ತನ್ನ ಪಾದ ತನಗೆ ಕಾಣುವುದಿಲ್ಲ.

ಇಲಾಸ್ಟಿಕ್ ಹಾಕಬಹುದಲ್ಲ ಎಂದು ನೀವು ಕೇಳಬಹುದು. ಸೀರೆಯ ಭಾರ ಹೊರಬೇಕಾದ ಪರಕರಕ್ಕೆ ನಾನು ಇಲಾಸ್ಟಿಕ್ ಹೇಳುವುದಿಲ್ಲ, ಜಾರುತ್ತದೆ, ಜಾರದಂತೆ ಮಾಡಲು ಹೋದರೆ ಮತ್ತೆ ಬಿಗಿತವೇ. ಅದು ಸಲವಾರಿಗೆ ಒಳ್ಳೆಯದು. ಒಂದೂವರೆ ಇಂಚು ಅಗಲದ ಮೆತ್ತನೆಯ ಇಲಾಸ್ಟಿಕ್ ತನ್ನಿ. ಕುಳಿತುಕೊಂಡು ಹೊಟ್ಟೆಯ ಕೆಳಗೆ ಸುತ್ತಿ, ಎರಡು ಬೆರಳು ಸುಲಭವಾಗಿ ಹೋಗುವಷ್ಟು ಸಡಿಲಕ್ಕೆ ಗುರುತು ಮಾಡಿ. ನಿಂತು ಅಳೆಯಬೇಡಿ, ಕುಳಿತಾಗ ಸುತ್ತಳತೆ ಹೆಚ್ಚಾಗುತ್ತದೆ. ಗುರುತಿನಾಚೆ ನಾಲ್ಕು ಇಂಚು ಬಿಟ್ಟು ಕತ್ತರಿಸಿ. ಆ ಬಾಲವನ್ನು ಹೊಲಿದು ಮುಗಿಸಬೇಡಿ. ನೇಫಾದ ಬಾಯಿ ತೆರೆದೇ ಇರಲಿ, ಬಾಲದಲ್ಲಿ ಇಂಚಿಗೊಂದು ಕಾಜಾ ಮಾಡಿ, ನೇಫಾದ ಒಳಗೆ ಒಂದು ಗುಂಡಿ ಹಚ್ಚಿ. ತಿಂಗಳು ಕಳೆದಂತೆ ಒಂದೊಂದು ಕಾಜಾ ಸಡಿಲ ಬಿಡುತ್ತ ಹೋಗಿ.

ಇದಕ್ಕಿಂತ ಮೆತ್ತನೆಯದು ಬೇಕಾದರೆ ಯಜಮಾನರ ಹಳೆಯ ಟಿ-ಶರ್ಟು ಇದ್ದೇ ಇರುತ್ತದೆ. ಅದರ ಕೆಳಭಾಗದಿಂದ ಎಂಟು ಇಂಚು ಎತ್ತರದ ಬಳೆಯಂತಹ ತುಂಡು ಕತ್ತರಿಸಿ. ಸಲವಾರಿನ ನೇಫಾ ತೆಗೆದು, ಮೇಲಿನಿಂದ ನಾಲ್ಕು ಇಂಚು ಕತ್ತರಿಸಿ, ಆ ಜಾಗಕ್ಕೆ ಇದನ್ನು ಕೂಡಿಸಬೇಕು. ಬಳೆಯನ್ನೂ ಸಲವಾರಿನ ಬಾಯನ್ನೂ ನಾಲ್ಕು ನಾಲ್ಕು ಸಮಭಾಗ ಮಾಡಿ ಪಿನ್ನು ಚುಚ್ಚಿ, ಪಿನ್ನಿಗೆ ಪಿನ್ನು ಕೂಡಿಸಿ. ಸಲವಾರಿನ ಬಾಯಿ ಹೆಚ್ಚಾದರೆ ಅದನ್ನು ನೆರಿಗೆ ಹಿಡಿಯಿರಿ. ಸಾದಾ ನೇರ ಹೊಲಿಗೆ ಟಿ-ಶರ್ಟಿನ ಬಟ್ಟೆ ಹಿಗ್ಗಿದಾಗ ಪಟ್ಟನೆ ಹರಿಯುತ್ತದೆ. ಮಷೀನಿನಲ್ಲಿ ಝಿಗ್‌ಝಾಗ್ ಇದ್ದರೆ ಅದು, ಇಲ್ಲದಿದ್ದರೆ ಕೈಯಿಂದ ಬಖಿಯಾ ಹಾಕಿ, ಒಂದು ಹೆಜ್ಜೆ ಹಿಂದೆ, ಎರಡು ಹೆಜ್ಜೆ ಮುಂದೆ, ದಾರ ಬಿಗಿಯದೆ. ಈ ಮೆತ್ತನೆಯ ಪಟ್ಟಿ ಹೊಟ್ಟೆಯ ಮೇಲೆ ಬರುತ್ತದೆ. ಬೇಸಿಗೆಯಲ್ಲಿ ಕೆಳಕ್ಕೆ ಮಡಚಿಕೊಳ್ಳಬಹುದು.

ಯಜಮಾನರ ಟ್ರಂಕು ತೆರೆದಿದ್ದೇವೆ, ಅವರ ಹಳೆಯ ಹತ್ತಿ ಶರ್ಟನ್ನೂ ತೆಗೆಯಿರಿ. ಮುಂದೆ ಉದ್ದಕ್ಕೂ ಗುಂಡಿ ಇರುವ ಬಟ್ಟೆ ಬಾಣಂತನಕ್ಕೂ ಆಗುತ್ತದೆ. ಕಾಲರು ಬಿಚ್ಚಿ, ತೋಳು ಮೊಣಕೈಗೆ ಕತ್ತರಿಸಿ. ಎದೆಯ ಕೆಳಗೆ ಎರಡು ಬೆರಳು ಬಿಟ್ಟು ಅಡ್ಡಕ್ಕೆ ಕತ್ತರಿಸಿ. ಮೇಲಿನ ಭಾಗದ ಸುತ್ತಳತೆ 42 ಇಂಚು ಎನ್ನಿ. ಅದರ ಒಂದೂವರೆ ಪಟ್ಟು, 63 ಇಂಚು, ಹಳೆಯ ಸೀರೆಯ ಉದ್ದದಲ್ಲಿ ಅಳೆದು, ಅಂಚಿನ ಬದಿಯಿಂದ ಬೇಕಾದಷ್ಟು ಎತ್ತರದ ಒಂದು ತುಂಡು ತೆಗೆಯಿರಿ. ನೆರಿಗೆ ಹಿಡಿದು ಶರ್ಟಿನ ಮೇಲ್ಭಾಗಕ್ಕೆ ಕೂಡಿಸಿದರೆ ಸೀರೆಯ ಅಂಚೇ ಕೆಳಗೆ ದಡಿಯಾಗಿ ಬರುತ್ತದೆ, ಮಡಚಿ ಹೊಲಿಯುವ ಕೆಲಸವೂ ಉಳಿಯುತ್ತದೆ.

ಇಲ್ಲಿ ಒಂದು ಕಡೆ ಎಲ್ಲರೂ ಎಡವುತ್ತಾರೆ, ನಾನೂ ಎಡವಿದ್ದೆ. ಮುಂದೆ ಹಿಂದೆ ಒಂದೇ ಉದ್ದ ಇಟ್ಟರೆ, ಹೊಟ್ಟೆಯ ಉಬ್ಬನ್ನು ಹತ್ತಿ ಇಳಿಯುವ ಬಟ್ಟೆ ಮುಂದೆ ಮೇಲಕ್ಕೆ ಏಳುತ್ತದೆ. ಹಿಂದೆ ಮೊಣಕಾಲಿಗೆ ಬಂದದ್ದು ಮುಂದೆ ತೊಡೆಗೆ ಬರುತ್ತದೆ. ಅದಕ್ಕೆ ಮುಂದಿನ ನಡುಭಾಗ ಎರಡು ಮೂರು ಇಂಚು ಹೆಚ್ಚಿರಬೇಕು. ದಡಿಯನ್ನು ನೇರವಾಗಿಯೇ ಬಿಟ್ಟು, ಮೇಲಿನ ಅಂಚನ್ನು ನಡುವೆ ಎತ್ತರ, ಪಕ್ಕಕ್ಕೆ ಬರುತ್ತ ಇಳಿಜಾರು ಆಗುವಂತೆ ಕತ್ತರಿಸಿ. ಇದ್ದ ಕಮೀಜಿಗಾದರೆ ಪಕ್ಕದ ಸೀಳನ್ನು ಎದೆಯ ಕೆಳಗಿನವರೆಗೆ ಬಿಚ್ಚಿ, ಓಢಣಿಯಿಂದ ಮುಕ್ಕೋನದ ಕಲಿ ಕತ್ತರಿಸಿ ಎರಡೂ ಬದಿಗೆ ಕೂಡಿಸಿದರೆ ಸಾಕು.

ನೈಟಿಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ, ಅದು ಹುಟ್ಟಿನಿಂದಲೇ ಸಡಿಲ. ಮುಂದೆ ಝಿಪ್ಪು ಇಲ್ಲದಿದ್ದರೆ ಹಾಕಿಸಿಕೊಳ್ಳಿ.

ಬಟ್ಟೆಯ ವಿಷಯದಲ್ಲಿ ಹಳೆಯದೇ ಹೊಸದಕ್ಕಿಂತ ಮೇಲು. ಹತ್ತಾರು ಸಲ ಒಗೆದ ಹತ್ತಿ ಸೀರೆ ಮೆತ್ತಗಿರುತ್ತದೆ, ಕುಗ್ಗುವುದೆಲ್ಲ ಕುಗ್ಗಿ ಮುಗಿದಿರುತ್ತದೆ. ಹೊಸ ಬಟ್ಟೆಯ ಪಟ್ಟಿಯನ್ನು ಹಳೆಯದಕ್ಕೆ ಕೂಡಿಸುವುದಾದರೆ ಮೊದಲು ಅದನ್ನು ನೆನೆಸಿ ಒಣಗಿಸಿ. ಇಲ್ಲದಿದ್ದರೆ ಮೊದಲ ಒಗೆತಕ್ಕೇ ಪಟ್ಟಿ ಕುಗ್ಗಿ ಜಂಪರು ಸೊಟ್ಟಗಾಗುತ್ತದೆ. ಬಣ್ಣ ಬಿಡುತ್ತದೆಯೇ ಎಂದು ತಿಳಿಯಲು ಒದ್ದೆ ತುಂಡನ್ನು ಬಿಳಿ ಬಟ್ಟೆಯ ಮೇಲೆ ಒತ್ತಿ ನೋಡಿ. ನೈಲಾನು, ಪಾಲಿಯೆಸ್ಟರು ನಮ್ಮ ಸೊಲ್ಲಾಪುರದ ಬೇಸಿಗೆಯಲ್ಲಿ ಬೇಡವೇ ಬೇಡ. ಒಲೆಯ ಮುಂದೆ ಕೂರುವವರಿಗಂತೂ ಯಾವ ಕಾಲದಲ್ಲೂ ಬೇಡ.

ಒಂದು ಮಾತನ್ನು ಮಾತ್ರ ಹೊಲಿಗೆಗಿಂತ ಮೊದಲು ಕೇಳಿಸಿಕೊಳ್ಳಿ. ಮೈ ನಿಧಾನವಾಗಿ ಬೆಳೆದು ಬಟ್ಟೆ ಬಿಗಿಯಾಗುವುದು ಸಹಜ. ಸಂಜೆ ಪಾದ ಸ್ವಲ್ಪ ಬಾಯುವುದೂ ಉಂಟು. ಆದರೆ ನಿನ್ನೆ ಸಡಿಲ ಇದ್ದ ಬಳೆ ಇವತ್ತು ಕೈಯಲ್ಲಿ ಹೂತುಹೋದರೆ, ಉಂಗುರ ಬರದಿದ್ದರೆ, ಮುಖ ಬಾತುಕೊಂಡರೆ, ಜೊತೆಗೆ ತಲೆ ಸಿಡಿದರೆ, ಕಣ್ಣು ಮಂಜಾದರೆ, ಅದು ಬಟ್ಟೆಯ ಮಾತಲ್ಲ. ರಕ್ತದೊತ್ತಡ ಏರಿರಬಹುದು, ತಾಯಿಗೂ ಮಗುವಿಗೂ ಅಪಾಯ. ಬ್ಲೇಡು ಕೆಳಗಿಟ್ಟು ಅದೇ ದಿನ ಆಸ್ಪತ್ರೆಗೆ ಹೋಗಿ. ವಾಹನ ಇಲ್ಲದಿದ್ದರೆ 108ಕ್ಕೆ ಫೋನು ಮಾಡಿ. ಗಡಿಯ ಆಚೆಗೂ ಈಚೆಗೂ ನಂಬರು ಅದೇ.

ಬಸುರಿ ಸೂಜಿ ಕತ್ತರಿ ಹಿಡಿಯಬಾರದು ಎನ್ನುವ ಮನೆಗಳಿವೆ, ಮುಖ್ಯವಾಗಿ ಗ್ರಹಣದ ದಿನ. ಅದಕ್ಕಾಗಿ ಮನೆಯಲ್ಲಿ ಜಗಳ ಬೇಡ. "ಹಂಗಾದ್ರ ನೀವ ಹೊಲೀರಿ ಅತ್ತಿ" ಎಂದು ಬಟ್ಟೆಯ ಗಂಟನ್ನು ಅವರ ಮುಂದೆ ಇಡಿ. ಅವರ ಕೈ ನಮ್ಮದಕ್ಕಿಂತ ಪಳಗಿದ್ದು. ಏಳು ಕಳೆದ ಮೇಲೆ ಕಾಲಿನಿಂದ ತುಳಿಯುವ ಮಷೀನಿನ ಮುಂದೆ ಬಹಳ ಹೊತ್ತು ಕೂರಬಾರದು, ಬೆನ್ನು ಹಿಡಿಯುತ್ತದೆ. ಅರ್ಧ ತಾಸಿಗೊಮ್ಮೆ ಎದ್ದು ಓಡಾಡಿ.

ಕೂಡಿಸುವ ಪಟ್ಟಿಗಳನ್ನೆಲ್ಲ ದೊಡ್ಡ ದೊಡ್ಡ ಹೊಲಿಗೆಯಿಂದ ಕೂಡಿಸಿ, ಮೂಲ ಬಟ್ಟೆಯ ಮಾರ್ಜಿನ್ ಕತ್ತರಿಸಬೇಡಿ. ಮೈ ಮೊದಲಿನಂತಾಗಲು ತಿಂಗಳುಗಳೇ ಬೇಕು, ಅವಸರ ಮಾಡಬೇಡಿ. ಆಮೇಲೆ ಪಟ್ಟಿ ಬಿಚ್ಚಿದರೆ ಜಂಪರು ತಿರುಗಿ ಹಳೆಯ ಜಂಪರೇ. ಬಿಚ್ಚಿದ ಪಟ್ಟಿಗಳನ್ನು ಒಂದು ಚೀಲದಲ್ಲಿ ಹಾಕಿಡಿ, ನಾದಿನಿಗೋ ತಂಗಿಗೋ ಬೇಕಾಗುತ್ತವೆ. ಸೀರೆಯಲ್ಲಿ ಉಳಿದ ದೊಡ್ಡ ತುಂಡಿನಲ್ಲಿ ಕೂಸಿಗೆ ಝಬಲಾ, ಕುಲಾಯಿ, ಕುಂಚಿಗೆ ಆಗುತ್ತವೆ. ಕೂಸು ಹುಟ್ಟುವ ಮೊದಲೇ ಅದಕ್ಕೆ ಬಟ್ಟೆ ಹೊಲಿಯಬಾರದು ಎನ್ನುವವರು ತುಂಡುಗಳನ್ನು ಒಗೆದು, ಬಿಸಿಲಿಗೆ ಒಣಗಿಸಿ, ಮಡಚಿಟ್ಟರೆ ಸಾಕು. ಅದಕ್ಕೂ ಸಾಲದ ಚಿಂದಿಗಳು ಕೌದಿಗೆ ಹೋಗಲಿ. ಕೂಸಿನ ಕೌದಿಗೆ ನಡುವಿನ ಪದರುಗಳಲ್ಲೂ ಹತ್ತಿಯನ್ನೇ ಇಡಿ, ಅಂಚಿನ ಜರಿ ತೆಗೆದುಹಾಕಿ, ಅದು ಕೂಸಿನ ಕೆನ್ನೆಗೆ ಚುಚ್ಚುತ್ತದೆ.